ಕರ್ಣ ಸುಮ್ಮನಿದ್ದ ಜಾಗವನ್ನು ಕತ್ತರಿಸಿದ್ದಾರೆ

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಿದ್ದ. ಕಾಸರಗೋಡಿನ ಬದಿಯಡ್ಕದ ಕಡೆ ಒಂದು ಮನೆಯ ಜಗಲಿಯಲ್ಲಿ ನಡೆದ ತಾಳಮದ್ದಳೆಯನ್ನು (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಅವನೇ ರೆಕಾರ್ಡ್ ಮಾಡಿ, ಅವನೇ ಎಡಿಟ್ ಮಾಡಿದ್ದಾನೆ. "ಮಾಷ್ಟ್ರೇ, ಒಮ್ಮೆ ಕೇಳಿ. ಸ್ವರ ಕ್ಲಿಯರ್ ಉಂಟು ಅಲ್ವಾ?" ಎಂದ. ಕೇಳಿದೆ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ. ನೀನು ಕುಂತಿಯ ಮಗ ಎಂದು ಕೃಷ್ಣ ಬಾಯಿ ಮುಚ್ಚುವಷ್ಟರಲ್ಲಿ ಕರ್ಣ ಉತ್ತರ ಶುರುಮಾಡಿಬಿಟ್ಟ. ನಡುವೆ ಒಂದು ಉಸಿರೂ ಇಲ್ಲ.

ಆ ಕೂಟಕ್ಕೆ ನಾನೂ ಹೋಗಿದ್ದೆ. ಆ ಮಾತು ಬಿದ್ದ ಮೇಲೆ ಕರ್ಣನ ಅರ್ಥಧಾರಿ, ಅಂದರೆ ಕರ್ಣನಾಗಿ ಮಾತಾಡುವವರು, ಎಷ್ಟೋ ಹೊತ್ತು ಏನೂ ಹೇಳದೆ ಕೂತಿದ್ದರು. ಮದ್ದಳೆಯವರ ಬೆರಳು ಒಮ್ಮೆ ಚರ್ಮಕ್ಕೆ ತಾಗಿದ್ದು ಹಿಂದೆ ಕೂತವರಿಗೂ ಕೇಳಿತ್ತು. ಆಮೇಲೆ ಕರ್ಣ ಬಾಯಿ ತೆರೆದಾಗ ಬಂದ ಮೊದಲ ಮಾತಿಗೆ ಆ ಮೌನದಿಂದಲೇ ತೂಕ ಬಂದಿತ್ತು. ಅದಷ್ಟೂ ಹೋಗಿದೆ. ಮೂರು ಗಂಟೆಗೆ ಹತ್ತಿರದ ಕೂಟ ಎರಡು ಗಂಟೆ ಚಿಲ್ಲರೆಗೆ ಇಳಿದಿದೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಆಸಕ್ತಿ ಇದೆ, ಕಿವಿ ಇದೆ. ಸಿಟ್ಟು ಅವನ ಕೈಗೆ ಈ ಸಾಫ್ಟ್‌ವೇರ್ ಕೊಟ್ಟವರ ಮೇಲೆ. ಲ್ಯಾಪ್‌ಟಾಪ್ ರಿಪೇರಿಯವನೊಬ್ಬ ದುಡ್ಡು ತೆಗೆದುಕೊಂಡು, ಬೀಟ್ ಕಟ್ಟಿ ಹಾಡು ತಯಾರಿಸುವ ದೊಡ್ಡ ಸಾಫ್ಟ್‌ವೇರೊಂದರ ಕಳ್ಳ ಪ್ರತಿಯನ್ನು ಹಾಕಿಕೊಟ್ಟಿದ್ದಾನೆ. ಲೈಸೆನ್ಸಿನ ಬೀಗ ಮುರಿಯುವ ಕ್ರ್ಯಾಕ್ ಹಾಕಲು ಆಂಟಿವೈರಸ್ ಬೇರೆ ಆಫ್ ಮಾಡಿಸಿದ್ದಾನೆ. "ಎಲ್ಲ ದೊಡ್ಡವರು ಇದನ್ನೇ ಬಳಸುವುದು" ಎಂದನಂತೆ. ಯಾವ ಕೆಲಸಕ್ಕೆ ಬಳಸುವುದು? ಅದನ್ನು ಇವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ. ಹಾಡು ಕಟ್ಟುವ ಕೆಲಸ ಬೇರೆ, ಆಗಿಹೋದ ಧ್ವನಿಯನ್ನು ಕತ್ತರಿಸಿ ಜೋಡಿಸುವ ಕೆಲಸ ಬೇರೆ. ಎಫ್‌ಎಲ್ ಸ್ಟುಡಿಯೋ 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ಬಂದದ್ದೇ ಬೀಟ್ ಜೋಡಿಸಲು. ಏಬಲ್‌ಟನ್ ಲೈವ್ ಬಂದದ್ದು ವೇದಿಕೆಯ ಮೇಲೆ ಲೂಪ್ ನುಡಿಸುವವರಿಗಾಗಿ. ಆ ಕೆಲಸಕ್ಕೆ ಎರಡೂ ಚೆನ್ನಾಗಿವೆ. ಎಫ್‌ಎಲ್ ಅನ್ನು ಒಮ್ಮೆ ಕೊಂಡರೆ ಮುಂದಿನ ಅಪ್‌ಡೇಟ್‌ಗಳಿಗೆ ದುಡ್ಡು ಕೇಳುವುದಿಲ್ಲ, ಅದೂ ಒಳ್ಳೆಯದೇ. ಆದರೆ ತಾಳಮದ್ದಳೆ ರೆಕಾರ್ಡಿಂಗ್ ಹಿಡಿದು ಕೂತವನಿಗೆ ಅದನ್ನು ಕೊಡುವುದೆಂದರೆ ಅಡಿಕೆ ಸುಲಿಯುವವನ ಕೈಗೆ ಕೊಡಲಿ ಕೊಟ್ಟ ಹಾಗೆ.

ಯಾಕೆ ಅಂತೀರಾ? ಇಂಥ ಸಾಫ್ಟ್‌ವೇರುಗಳು ತೆರೆಯುವುದೇ ಗ್ರಿಡ್, ಅಂದರೆ ತಾಳದ ಗೆರೆಗಳ ಜಾಲ, ಹಾಕಿಕೊಂಡು. ನಾಲ್ಕು-ನಾಲ್ಕರ ಲೆಕ್ಕ, ನಿಮಿಷಕ್ಕೆ ಇಷ್ಟು ಬೀಟ್. 120 ಬೀಟ್ ಎಂದಿಟ್ಟುಕೊಳ್ಳಿ. ಆಗ ಅರ್ಧ ಸೆಕೆಂಡಿಗೆ ಒಂದು ಗೆರೆ. ಗೆರೆಗೆ ಅಂಟಿಸುವ ಸ್ನ್ಯಾಪ್ ಆನ್ ಇದ್ದರೆ ನೀವು ಎಲ್ಲಿ ಕತ್ತರಿಸಿದರೂ ಕಟ್ ಹತ್ತಿರದ ಗೆರೆಗೆ ಹೋಗಿ ಕೂರುತ್ತದೆ. ಪದ್ಯ ಹಾಡುವ ನಮ್ಮ ಭಾಗವತರ ತಾಳಗಳಲ್ಲಿ ಜಂಪೆಗೆ ಹತ್ತು ಅಕ್ಷರ (ಎಣಿಕೆ), ತ್ರಿವುಡೆಗೆ ಏಳು, ರೂಪಕಕ್ಕೆ ಆರು. ಅದೂ ಒಂದೇ ವೇಗದಲ್ಲಿ ಇರುವುದಿಲ್ಲ. ಪದ್ಯ ಏರುತ್ತಾ ಹೋದಂತೆ ಕಾಲವೂ ಏರುತ್ತದೆ. ಇನ್ನು ಅರ್ಥ ಹೇಳುವವರ ಮಾತಿಗೆ ಯಾವ ಬೀಟ್? ಹುಡುಗನ ಫೈಲಿನಲ್ಲಿ ಪದದ ನಡುವೆಯೇ ಕಟ್ ಬಿದ್ದಿತ್ತು. ಅವನು ಸರಿಯಾದ ಜಾಗದಲ್ಲೇ ಕ್ಲಿಕ್ ಮಾಡಿದ್ದ. ಗೆರೆ ಎಳೆದುಕೊಂಡು ಹೋಗಿತ್ತು.

ಅದರ ಮೇಲೆ ಮೌನ ತೆಗೆಯುವ ಆಟೊಮ್ಯಾಟಿಕ್ ಸೌಲಭ್ಯ. ಇದು ನಾನು ಮೆಚ್ಚುವ ಆಡಾಸಿಟಿ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲೂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ರೀಲ್ಸ್ ಮಾಡುವವರಿಗೆ ಹೇಳಿಕೊಡುವ ವಿಡಿಯೊ ನೋಡಿ ಇವನು ಕಲಿತದ್ದು. ಕಾಸರಗೋಡಿನ ಮಕ್ಕಳಿಗೆ ಸಿಗುವ ಪಾಠವೆಲ್ಲ ಮಲಯಾಳದಲ್ಲಿ, ಸಿನಿಮಾ ಹಾಡಿನ ಕವರ್ ಮಾಡುವವರದ್ದು. ಮಲಯಾಳ ನಮಗೇನೂ ಕಷ್ಟ ಅಲ್ಲ. ಕಷ್ಟ ಏನೆಂದರೆ ಚೆಂಡೆ, ಭಾಗವತಿಕೆ, ಅರ್ಥ ಮೂರೂ ಇರುವ ರೆಕಾರ್ಡಿಂಗನ್ನು ಹೇಗೆ ಹಿಡಿಯಬೇಕೆಂದು ಆ ಪಾಠಗಳಲ್ಲಿ ಇಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೂತು ನಾವೇ ಹೇಳಿಕೊಡದಿದ್ದರೆ ಬೇರೆ ಯಾರು ಹೇಳಿಕೊಡುತ್ತಾರೆ?

ಹಾಗಾದರೆ ಯಾವುದು ಒಳ್ಳೆಯದು, ಮಾಷ್ಟ್ರೇ? ಇದನ್ನು ತುಂಬಾ ಜನ ಕೇಳುತ್ತೀರಿ. ನಾನು ಎರಡೇ ಹೆಸರು ಹೇಳುವುದು. ಆಡಾಸಿಟಿ, ರೀಪರ್.

ಆಡಾಸಿಟಿ 2000ದಿಂದ ಇದೆ, ಪೂರ್ತಿ ಉಚಿತ, ಮೂಲ ಕೋಡ್ ಕೂಡ ಮುಕ್ತ. ಮೊದಲೆಲ್ಲ ಅದರಲ್ಲಿ ಏನು ಮಾಡಿದರೂ ಧ್ವನಿಗೆ ನೇರ ಹತ್ತಿಬಿಡುತ್ತಿತ್ತು. 2021ರ 3.1ರಿಂದ ಕ್ಲಿಪ್ಪಿನ ತುದಿ ಎಳೆದು ಕತ್ತರಿಸಿ, ಬೇಕಾದಾಗ ಮತ್ತೆ ಎಳೆದು ವಾಪಸ್ ತರಬಹುದು. 2022ರ 3.2ರಿಂದ ಎಫೆಕ್ಟುಗಳನ್ನೂ ಹಾಕಿ, ಕೇಳಿ, ಬೇಡವಾದರೆ ತೆಗೆಯಬಹುದು. ಒಂದೇ ರೆಕಾರ್ಡರಿನ ಒಂದು ಫೈಲ್ ಇದ್ದರೆ ಇಷ್ಟು ಸಾಕು.

ಮೂರು ನಾಲ್ಕು ಮೈಕ್ ಇಟ್ಟು ಬೇರೆ ಬೇರೆ ಟ್ರ್ಯಾಕ್ ಮಾಡಿದ್ದರೆ ರೀಪರ್. ಕಂಪ್ಯೂಟರಿನಲ್ಲಿ ಹಾಡು ಕೇಳುವ ವಿನ್‌ಆಂಪ್ ನೆನಪಿದೆಯಲ್ಲ, ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದ್ದೇ ಇದು. 60 ದಿನ ಯಾವ ನಿರ್ಬಂಧವೂ ಇಲ್ಲದೆ ಬಳಸಿ ನೋಡಬಹುದು. ಸ್ವಂತಕ್ಕೆ ಬಳಸುವವರಿಗೆ, ಸಣ್ಣ ಆದಾಯದವರಿಗೆ ಲೈಸೆನ್ಸ್ 60 ಡಾಲರ್. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇದನ್ನು ಬಿಟ್ಟು ಕಳ್ಳ ಪ್ರತಿಗೆ ರಿಪೇರಿಯವನಿಗೆ ದುಡ್ಡು ಕೊಡುವುದು ಯಾವ ನ್ಯಾಯ?

ರೀಪರಿನಲ್ಲಿ ನನಗೆ ಇಷ್ಟವಾದದ್ದು ಎಡಿಟಿಂಗಿನ ನಯ. ಎಸ್ ಒತ್ತಿದರೆ ಕಟ್. ತುದಿಗೆ ತಾನಾಗಿಯೇ ಒಂದು ಚಿಕ್ಕ ಫೇಡ್ (ಸದ್ದು ಮೆಲ್ಲಗೆ ಏರುವುದು, ಇಳಿಯುವುದು) ಬೀಳುತ್ತದೆ, ಹಾಗಾಗಿ ಟಕ್ ಎಂಬ ಸದ್ದು ಬರುವುದಿಲ್ಲ. ಎರಡು ತುಂಡನ್ನು ಒಂದರ ಮೇಲೊಂದು ಸರಿಸಿದರೆ ಕ್ರಾಸ್‌ಫೇಡ್, ಒಂದು ಇಳಿಯುತ್ತಾ ಇನ್ನೊಂದು ಏರುತ್ತದೆ. ಎಲ್ಲ ಟ್ರ್ಯಾಕಿಗೂ ರಿಪಲ್ ಹಾಕಿಕೊಂಡರೆ ಒಂದು ಕಡೆ ಕತ್ತರಿಸಿದಾಗ ಎಲ್ಲ ಮೈಕೂ ಒಟ್ಟಿಗೆ ಸರಿಯುತ್ತವೆ. ಭಾಗವತರು ಒಂದು ಕಡೆ, ಚೆಂಡೆ ಒಂದು ಕಡೆ ಆಗುವುದಿಲ್ಲ. ಗ್ರಿಡ್ ಅದರಲ್ಲೂ ಇದೆ. ಮೊದಲು ಸ್ನ್ಯಾಪ್ ಆಫ್ ಮಾಡಿ, ಮೇಲಿನ ಅಳತೆಪಟ್ಟಿಯನ್ನು ನಿಮಿಷ-ಸೆಕೆಂಡಿಗೆ ಬದಲಿಸಿಕೊಳ್ಳಿ.

ಇನ್ನೊಂದು. ಎಡಿಟ್ ಮಾಡುವಾಗ ಧ್ವನಿ ತಡೆತಡೆದು ಬರುತ್ತದೆ ಎಂದು ಹುಡುಗನಿಗೆ ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಲು ಹೇಳಿದ್ದರು. ಸೆಟ್ಟಿಂಗ್ ತೆರೆದು ನೋಡಿದರೆ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಧ್ವನಿಯ ತುತ್ತು, ಬರೀ 64 ಸ್ಯಾಂಪಲ್! ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ಸ್ವರವನ್ನೇ ಕೇಳುತ್ತಾ ರೆಕಾರ್ಡ್ ಮಾಡುವಾಗ ಬಫರ್ ಕಡಿಮೆ ಬೇಕು, ಇಲ್ಲದಿದ್ದರೆ ಸ್ವರ ತಡವಾಗಿ ಕೇಳುತ್ತದೆ. ಬರೀ ಎಡಿಟಿಂಗಿಗೆ 1024 ಇಡಿ. 48 ಕಿಲೋಹರ್ಟ್ಸಿನಲ್ಲಿ ಅದು ಸುಮಾರು 21 ಮಿಲಿಸೆಕೆಂಡ್. ಕತ್ತರಿಸಿ ಜೋಡಿಸುವವನಿಗೆ ಅದರಿಂದ ಏನೂ ತೊಂದರೆ ಇಲ್ಲ. ಬದಲಿಸಿದ ಕೂಡಲೇ ಅದೇ ಲ್ಯಾಪ್‌ಟಾಪ್ ಸಲೀಸಾಗಿ ಓಡಿತು. ಅವನ ಅಪ್ಪ ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ಅವರ ದುಡಿಮೆಯ ದುಡ್ಡನ್ನು ಹೀಗೆ ಕರಗಿಸಲು ಹೇಳುತ್ತಾರಲ್ಲ, ಅದನ್ನು ನೆನೆದರೆ ಮೈ ಉರಿಯುತ್ತದೆ.

ಸ್ಟುಡಿಯೋದಲ್ಲಿ ಪ್ರೋ ಟೂಲ್ಸ್ ಎಂಬ ಸಾಫ್ಟ್‌ವೇರ್ ಇರುತ್ತದಲ್ಲ, ಅದನ್ನೇ ಕಲಿತರೆ ಮುಂದೆ ಕೆಲಸ ಸಿಗುತ್ತದೆ ಎನ್ನುವವರಿದ್ದಾರೆ. ಸರಿ. ಕೊಚ್ಚಿಗೋ ಬೆಂಗಳೂರಿಗೋ ಹೋಗಿ ಸ್ಟುಡಿಯೋ ಸೇರುವವನು ಕಲಿಯಲಿ. ಅದಕ್ಕೂ ಕಳ್ಳ ಪ್ರತಿ ಬೇಡ, ಪ್ರೋ ಟೂಲ್ಸ್ ಇಂಟ್ರೋ ಎಂಬ ಉಚಿತ ಆವೃತ್ತಿಯಲ್ಲಿ ಎಂಟು ಆಡಿಯೊ ಟ್ರ್ಯಾಕ್ ಸಿಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಆಗಬೇಕಾದ ಕೆಲಸಕ್ಕೂ ಈ ಮಾತಿಗೂ ಸಂಬಂಧವೇ ಇಲ್ಲ.

ನಮ್ಮ ಕೆಲಸ ಎಂಥದ್ದು ಎಂದು ಒಂದು ಉದಾಹರಣೆ ಕೊಡುತ್ತೇನೆ. ನನ್ನ ತಂದೆ ಅರ್ಥ ಹೇಳುತ್ತಿದ್ದರು, ನಿಮ್ಮಲ್ಲಿ ಹಲವರಿಗೆ ಗೊತ್ತು. ಅವರ ಸ್ವರ ಉಳಿದಿರುವುದು ಕ್ಯಾಸೆಟ್ಟಿನಲ್ಲಿ ಮಾತ್ರ. 90 ನಿಮಿಷದ ಕ್ಯಾಸೆಟ್, ಒಂದು ಬದಿಗೆ 45. ಬದಿ ಮುಗಿದಾಗ ಪದ್ಯವೂ ತುಂಡಾಗಿದೆ. ಅದೇ ಕೂಟದ ಇನ್ನೊಂದು ಕ್ಯಾಸೆಟ್ ಪೆರ್ಲದ ಭಾವನ ಅಟ್ಟದಲ್ಲಿ ಸಿಕ್ಕಿತು. ಎರಡನ್ನೂ ಕಂಪ್ಯೂಟರಿಗೆ ಹಾಕಿ ಜೋಡಿಸಲು ಹೋದರೆ ಶ್ರುತಿ ಸೇರುವುದಿಲ್ಲ. ಟೇಪ್‌ರೆಕಾರ್ಡರುಗಳ ವೇಗ ಬೇರೆ ಬೇರೆ ಇದ್ದದ್ದೇ ಕಾರಣ. ವೇಗ ಶೇಕಡಾ 3ರಷ್ಟು ಹೆಚ್ಚಾದರೆ ಶ್ರುತಿ ಸುಮಾರು ಅರ್ಧ ಮನೆ (ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದ ಅರ್ಧ) ಏರುತ್ತದೆ. ಇದಕ್ಕೆ ಪಿಚ್ ಸರಿಮಾಡುವ ಪ್ಲಗಿನ್ ಹಾಕಿದರೆ ಗಮಕವೆಲ್ಲ ಮೆಟ್ಟಿಲಾಗುತ್ತದೆ. ಆ ತುಂಡಿನ ವೇಗವನ್ನೇ ಸ್ವಲ್ಪ ಇಳಿಸಬೇಕು. ರೀಪರಿನಲ್ಲಿ ಅದಕ್ಕೆ ಒಂದೇ ಅಂಕಿ ಬದಲಿಸಿದರೆ ಆಯಿತು, ಪಿಚ್ ಕಾಯುವ ಗುರುತನ್ನು ತೆಗೆದಿರಬೇಕು ಅಷ್ಟೆ. ಎರಡೂ ಸೇರಿ ಪದ್ಯ ಪೂರ್ತಿ ಆಯಿತು. ಅಪ್ಪನ ಮಾತು ಶುರುವಾದಾಗ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ನನಗೂ ಅಳು ತಡೆಯಲಾಗಲಿಲ್ಲ.

ಟೇಪಿನ ಹಿಸ್ ಸದ್ದನ್ನು ನಾನು ಪೂರ್ತಿ ತೆಗೆಯಲಿಲ್ಲ. ತೆಗೆದರೆ ಅದರ ಜೊತೆ ಚಕ್ರತಾಳದ ಹೊಳಪೂ ಹೋಗುತ್ತದೆ, ಸ್ವರ ತೆಳ್ಳಗಾಗಿ ಗುಳುಗುಳು ಅನ್ನುತ್ತದೆ. ಮಳೆಯ ಸದ್ದಿಗೂ ಇದೇ ಮಾತು. ಮಳೆಗಾಲದ ಆಟಿ ತಿಂಗಳ ಕೂಟದಲ್ಲಿ ಮಳೆ ಕೇಳಿದರೆ ಏನಾಯಿತು?

ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಅವರ ಎದುರು ಕೂತು ಕೇಳದ ಮಕ್ಕಳಿಗೆ ಅವರು ಸಿಗುವುದು ಧ್ವನಿಮುದ್ರಣದಲ್ಲಿ ಮಾತ್ರ. ಇವತ್ತು ಅರ್ಥ ಹೇಳುತ್ತಿರುವವರೂ ಮುಂದೊಂದು ದಿನ ಹಾಗೆಯೇ. ಅವರು ಎಲ್ಲಿ ನಿಲ್ಲಿಸಿದರು, ಎಷ್ಟು ಹೊತ್ತು ಸುಮ್ಮನಿದ್ದರು ಎನ್ನುವುದನ್ನು ಒಂದು ಬಟನ್ ತೀರ್ಮಾನಿಸಬಾರದು.

ಪುಣ್ಯಕ್ಕೆ ಹುಡುಗನ ರೆಕಾರ್ಡರಿನ ಕಾರ್ಡಿನಲ್ಲಿ ಮೂಲ ಹಾಗೆಯೇ ಇತ್ತು. ಮುಂದಿನ ಕೂಟಕ್ಕೆ ಅಳಿಸಲು ಹೊರಟಿದ್ದ. 24 ಬಿಟ್, 48 ಕಿಲೋಹರ್ಟ್ಸಿನ ಸ್ಟೀರಿಯೊ ಗಂಟೆಗೆ ಸುಮಾರು ಒಂದು ಜಿಬಿ ಅಷ್ಟೇ. ಇಡಲು ಜಾಗ ಇಲ್ಲ ಎನ್ನಬೇಡಿ. ರಾತ್ರಿಯಿಡೀ ಯಕ್ಷಗಾನ ಆಟ ರೆಕಾರ್ಡ್ ಮಾಡುವವರು ಒಂದು ವಿಷಯ ಗಮನಿಸಿ: ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟುವುದಿಲ್ಲ. ಈ ಲೆಕ್ಕದಲ್ಲಿ ನಾಲ್ಕು ಗಂಟೆಯಲ್ಲಿ ತುಂಬುತ್ತದೆ. ರೀಪರಿನಲ್ಲಿ ನೇರ ರೆಕಾರ್ಡ್ ಮಾಡುವುದಾದರೆ ಅದಕ್ಕಿಂತ ದೊಡ್ಡ ಫೈಲ್ ಹಿಡಿಯುವ ಆರ್‌ಎಫ್64 ಎಂಬ ವಿಧ ಇಟ್ಟುಕೊಳ್ಳಿ.

ಮನೆಯಲ್ಲಿ ಹಳೆಯ ಕ್ಯಾಸೆಟ್ ಇರುವವರು, ಎಡಿಟಿಂಗ್ ಕಲಿಯಬೇಕೆನ್ನುವ ಮಕ್ಕಳು ನೀರ್ಚಾಲಿನ ನಮ್ಮ ಮನೆಗೆ ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ. ಲ್ಯಾಪ್‌ಟಾಪ್ ಹಳೆಯದಾದರೂ ಅಡ್ಡಿಯಿಲ್ಲ, ಹೆಡ್‌ಫೋನ್ ಮಾತ್ರ ತನ್ನಿ. ಮೂಲ ಫೈಲನ್ನು ಯಾರೂ ಅಳಿಸಬೇಡಿ.