ನಳ ಮುರಿದವರು ನಳ ಒಯ್ಯಲಿಲ್ಲ

ಬೈಕಿನ ಸೀಟಿನ ಮೇಲೆ ಕೇಕ್ ಇಟ್ಟು ತಲವಾರಿನಿಂದ ಕೊಯ್ಯುವ ಮತ್ತೊಂದು ರೀಲ್ ನಿನ್ನೆ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಬಂತು. ಹಿಂದೆಯೇ ತೀರ್ಪುಗಳೂ ಬಂದವು: ‘ಒದ್ದು ಒಳಗ ಹಾಕ್ರಿ’, ‘ಮೊದ್ಲ ಅವ್ವ ಅಪ್ಪನ್ನ ಹಿಡೀರಿ’.

ಆ ತಲವಾರಿನಿಂದ ಹುಡುಗರಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅವರಿಗೆ ಬೇಕಾದದ್ದು ನಮ್ಮ ಹುಬ್ಬಳ್ಳಿ ಮಂದಿ ‘ಹವಾ’ ಅನ್ನುತ್ತಾರಲ್ಲ, ಅದು.

ನಾನು ಹೈಸ್ಕೂಲ್ ಮಾಸ್ತರನಾಗಿದ್ದಾಗ ಒಂದು ಸೋಮವಾರ ಹೋಗಿ ನೋಡಿದರೆ ಕುಡಿಯುವ ನೀರಿನ ನಳಗಳನ್ನೆಲ್ಲ ಯಾರೋ ಮುರಿದಿದ್ದರು. ಹಿತ್ತಾಳೆ ನಳಗಳು. ಗುಜರಿಗೆ ಹಾಕಿದ್ದರೆ ನಾಲ್ಕು ಮಂದಿಯ ಗಿರ್ಮಿಟ್ಟಿನ ಖರ್ಚಾದರೂ ಹುಟ್ಟುತ್ತಿತ್ತು. ಒಯ್ದಿರಲಿಲ್ಲ. ಕಟ್ಟೆಯ ಮೇಲೆ ಸಾಲಾಗಿ, ಪ್ರದರ್ಶನಕ್ಕಿಟ್ಟ ಹಾಗೆ ಇಟ್ಟು ಹೋಗಿದ್ದರು.

ಲಾಭವಿಲ್ಲದ ಇಂಥ ಹಾಳುಮಾಡುವಿಕೆಯನ್ನೇ ಅಮೆರಿಕದ ಸಮಾಜಶಾಸ್ತ್ರಜ್ಞ ಆಲ್ಬರ್ಟ್ ಕೋಹೆನ್ 1955ರಲ್ಲಿ ಹಿಡಿದು ಕೂತಿದ್ದ. ಶಾಲೆ ಎಲ್ಲ ಹುಡುಗರನ್ನೂ ಅನುಕೂಲಸ್ಥರ ಮನೆಯ ಅಳತೆಗೋಲಿನಿಂದಲೇ ಅಳೆಯುತ್ತದೆ. ಅದರಲ್ಲಿ ಸೋತವರು ಒಟ್ಟು ಸೇರಿ ಆ ಕೋಲನ್ನೇ ತಲೆಕೆಳಗು ಹಿಡಿಯುತ್ತಾರೆ, ಶಾಲೆ ಯಾವುದನ್ನು ಕೆಟ್ಟದ್ದು ಅನ್ನುತ್ತದೋ ಅದೇ ಅವರಲ್ಲಿ ಮಾನ ಅನ್ನಿಸಿಕೊಳ್ಳುತ್ತದೆ ಅಂತ ಅವನ ವಾದ. ನಮ್ಮ ನಳಗಳ ಕಥೆ ಅವನಿಗೆ ಹೇಳಬೇಕಿತ್ತು.

ಒಬ್ಬ ಸಿಕ್ಕಿಬಿದ್ದ. ಹೆಸರು ಬೇಡ. ದಿನಾ ಹಾಜರಿ ಕರೆಯುವಾಗ ‘ಏ ಉಡಾಳ, ಹಿಂದ ಕೂಡು’ ಅಂತ ನಾನೇ ಹೇಳುತ್ತಿದ್ದ ಹುಡುಗ. ಯಾಕೋ ಅಂದರೆ, ‘ದೊಡ್ಡಾವ್ರು ಏನ್ ಕಡಿಮಿ ಮಾಡ್ತಾರ್ರಿ ಸರ?’ ಅಂದ. ಕೆನ್ನೆಗೆ ಎರಡು ಬಿಟ್ಟೆ. ತಪ್ಪು ತೋರಿಸುವವರಿಗೇ ತಿರುಗಿ ತಪ್ಪು ಹೊರಿಸುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸೈಕ್ಸ್ ಮತ್ತು ಮಾಟ್ಜಾ 1957ರಲ್ಲೇ ಇಂಥ ಹುಡುಗರ 5 ಸಮರ್ಥನೆಗಳಲ್ಲಿ ಒಂದಾಗಿ ಗುರುತಿಸಿದ್ದರು ಅಂತ ಓದಿದ್ದು ಬಹಳ ತಡವಾಗಿ. ಓದಿದ್ದರೂ ಹೊಡೆಯುತ್ತಿದ್ದೆನೋ ಏನೋ.

ಆದರೆ ಕೋಹೆನ್ ಮಾತು ಪೂರ್ತಿ ಒಪ್ಪಲಾರೆ. ಬಂಗಲೆ ಮನೆಯ ಹುಡುಗರು ರಾತ್ರಿ ಕಾರು ಹುಚ್ಚಾಪಟ್ಟೆ ಓಡಿಸುವುದಿಲ್ಲವೆ? ಅದಕ್ಕೆ ನಮ್ಮಲ್ಲಿ ‘ವಯಸ್ಸಿನ ಹುಡುಗಾಟ’ ಅಂತ ಹೆಸರು. ಅಮೆರಿಕದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ವಿಲಿಯಂ ಚಾಂಬ್ಲಿಸ್ ಅಲ್ಲಿನ ಒಂದೇ ಹೈಸ್ಕೂಲಿನ ಎರಡು ಗುಂಪುಗಳನ್ನು 2 ವರ್ಷ ಗಮನಿಸಿ 1973ರಲ್ಲಿ ಬರೆದ: ಉಳ್ಳವರ ಮನೆಯವರು 8, ಬಡವರ ಮನೆಯವರು 6. ತಂಟೆ ಹೆಚ್ಚುಕಡಿಮೆ ಸಮ. ಆ 8 ಮಂದಿಯಲ್ಲಿ ಒಬ್ಬನೂ ಅರೆಸ್ಟ್ ಆಗಲಿಲ್ಲ. ಬಡವರ ಹುಡುಗರಿಗೆ ಮಾತ್ರ ಪೊಲೀಸರ ಕಾಟ ತಪ್ಪಲಿಲ್ಲ. ಊರು ಯಾರನ್ನು ಉಡಾಳ ಅಂತ ಮೊದಲೇ ಬರೆದಿಟ್ಟಿತ್ತೋ ಅವರೇ ಕಣ್ಣಿಗೆ ಬಿದ್ದರು.

ನಮ್ಮ 2015ರ ಬಾಲ ನ್ಯಾಯ ಕಾಯ್ದೆ ಇಂಥ ಮಕ್ಕಳನ್ನು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದವರು’ ಅನ್ನುತ್ತದೆ. ಹೇಳಲು ನಾಲಿಗೆ ಹೊರಳುವುದಿಲ್ಲ, ಖರೆ. ಆದರೆ 74ನೇ ಕಲಮು ಅವರ ಹೆಸರು, ಗುರುತು ಹೊರಗೆ ಹಾಕಬಾರದು ಅಂತ ಸರಳವಾಗಿಯೇ ಹೇಳುತ್ತದೆ.

ಗ್ರೂಪಿನಲ್ಲಿ ಬರೆದೆ: ‘ಹುಡುಗಗ 18 ತುಂಬಿದಂಗ ಕಾಣೂದಿಲ್ಲ, ವಿಡಿಯೋ ತಗೀರಿ.’

ಉತ್ತರ ಬಂತು: ‘ಯಾಕ್ರಿ ಸರ, ನಿಮ್ಮ ಶಿಷ್ಯ ಏನು?’

ಆ ಹುಡುಗ ಯಾರೋ ನನಗೆ ಗೊತ್ತಿಲ್ಲ. ‘ಹೌದು’ ಅಂತ ಹಾಕಿದೆ.