ಎರಿ ಹೊಲದಾಗ ಫೋರ್ ವ್ಹೀಲ್

ತಪ್ಪೆಲ್ಲ ಶುರುವಾಗಿದ್ದು ಟೈರಿನಿಂದ.

ಹಳೇ ಜೀಪು ತಗೊಂಡಾಗ ಅದಕ್ಕೆ 28 ಇಂಚಿನ ಟೈರುಗಳಿದ್ದವು. ಒಳ್ಳೆಯ ಟೈರುಗಳೇ. ಆದರೆ ಜೀಪು ಅಂದಮೇಲೆ ಅಷ್ಟು ಸಾಧುವಾಗಿ ನಿಲ್ಲಬಾರದು ಅನ್ನಿಸಿ, ಹುಬ್ಬಳ್ಳಿಯಲ್ಲಿ 31 ಇಂಚಿನ, ಹಲ್ಲು ಹಲ್ಲಾಗಿರುವ ಟೈರು ಹಾಕಿಸಿದೆ. ಮೊದಲ ತಿರುವಿನಲ್ಲೇ ಅವು ಮಡ್‌ಗಾರ್ಡಿಗೆ ಉಜ್ಜಿದವು. ಉಜ್ಜಬಾರದೆಂದು ಪಾಟಾಕ್ಕೆ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳಿಗೆ) ಉದ್ದನೆಯ ಶಾಕಲ್ ಎಂಬ ಕೊಂಡಿ ಹಾಕಿಸಿ ಗಾಡಿ ಎತ್ತರಿಸಿದೆ. ಎತ್ತರಿಸಿದ್ದೇ ತಡ, ಮುಂದಿನ ಆಕ್ಸಲ್ ಓರೆಯಾಗಿ, ಮೂರನೇ ಗೇರು ದಾಟಿದರೆ ಸ್ಟೇರಿಂಗ್ ಮೈಮೇಲೆ ದೇವರು ಬಂದವರ ಹಾಗೆ ನಡುಗತೊಡಗಿತು. ಅದಕ್ಕೆ ಪಾಟಾ ಮತ್ತು ಆಕ್ಸಲ್ ನಡುವೆ ಓರೆ ಪಟ್ಟಿ ತುರುಕಿಸಿದ್ದಾಯಿತು. ದೊಡ್ಡ ಟೈರು ಹಾಕಿದರೆ ಸ್ಪೀಡಾಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನನ್ನದರ ಕೇಬಲ್ ಮೊದಲೇ ತುಂಡಾಗಿತ್ತು, ಹಾಗಾಗಿ ಆ ತೊಂದರೆ ನನಗೆ ತಟ್ಟಲಿಲ್ಲ.

ಇದೆಲ್ಲ ಮಾಡಿದ್ದು ಗ್ಯಾರೇಜಿನ ಚಾಚಾ. ಬೇಡ ಅಂದಿದ್ದೂ ಅವರೇ. "ಸರ್, ಗಾಡಿ ಹೆಂಗ ಐತಿ ಹಂಗ ಇರ್ಲಿ ಬಿಡ್ರಿ" ಎಂದು ಪ್ರತಿ ಸಲ ಹೇಳುತ್ತಾರೆ, ಆಮೇಲೆ ಪಾನಾ ಎತ್ತಿಕೊಳ್ಳುತ್ತಾರೆ. ಮುಂದುಗಡೆ ಬುಲ್ ಬಾರ್, ಅಂದರೆ ಬಂಪರಿನ ಮುಂದೆ ಕಬ್ಬಿಣದ ಕಂಬಿ, ಹಾಕಿಸೋಣ ಅಂದಾಗ ಮಾತ್ರ ಪಾನಾ ಕೆಳಗಿಟ್ಟರು. "ಅದು ಬ್ಯಾಡ್ರಿ. 2017ರಾಗ ಸರ್ಕಾರದವರು ಅದನ್ನ ಹಿಡೀರಿ ಅಂದಾರ. ಪಾಸಿಂಗ್ ಟೈಮಿಗೆ ಈ ಟೈರೂ ಬಿಚ್ಚಬೇಕು, ನೆನಪಿರ್ಲಿ." ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೊಮ್ಮೆ ಪಾಸಿಂಗ್‌ಗೆ, ಅಂದರೆ ಆರ್‌ಟಿಓ ತಪಾಸಣೆಗೆ, ಹೋಗಬೇಕು. ಹಳೇ ಟೈರುಗಳನ್ನು ಅದಕ್ಕೆಂದೇ ಮಾಳಿಗೆಯ ಮೇಲೆ ಇಟ್ಟಿದ್ದೆ. ಈಗ ಅವುಗಳಲ್ಲಿ ನನ್ನ ಹೆಂಡತಿ ಪುದೀನಾ ಬೆಳೆಸಿದ್ದಾಳೆ.

ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಜನ ನೋಡಬೇಕಲ್ವಾ? ಒಂದು ಭಾನುವಾರ ಧಾರವಾಡದಿಂದ ಹುಬ್ಬಳ್ಳಿಗೆ ಫೋರ್ ವ್ಹೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ, ಹಾಕಿಕೊಂಡೇ ಹೊರಟೆ. ಇಂಥ ಹಳೇ ಜೀಪಿನಲ್ಲಿ ಫೋರ್ ವ್ಹೀಲ್ ಹಾಕಿದರೆ ಮುಂದಿನ ಚಕ್ರ ಹಿಂದಿನ ಚಕ್ರ ಒಂದೇ ನೊಗಕ್ಕೆ ಕಟ್ಟಿದಂತೆ ತಿರುಗುತ್ತವೆ. ತಿರುವಿನಲ್ಲಿ ಮುಂದಿನವು ಜಾಸ್ತಿ ದೂರ ಹೋಗಬೇಕು. ಮಣ್ಣಿನಲ್ಲಾದರೆ ಚಕ್ರಗಳು ಸ್ವಲ್ಪ ಜಾರಿ ಹೊಂದಿಕೊಳ್ಳುತ್ತವೆ. ಒಣ ರೋಡಿನಲ್ಲಿ ಜಾರಲಾಗದೆ ಗೇರುಗಳು ಒಳಗೊಳಗೇ ಬಿಗಿದುಕೊಳ್ಳುತ್ತವೆ. ನನಗೆ ಇದು ಗೊತ್ತಾಗಿದ್ದು ನವನಗರದ ತಿರುವಿನಲ್ಲಿ. ಪಕ್ಕದ ದಾರಿಯಲ್ಲಿ ಚಿಗರಿ (ಜಿಂಕೆ) ಅನ್ನೋ ಹೆಸರಿನ ಬಸ್ಸು ನುಣ್ಣಗೆ ಹೋಯಿತು. ಜಿಗಿಯುವ ಕೆಲಸ ನನ್ನ ಜೀಪು ವಹಿಸಿಕೊಂಡಿತು.

ಫೋರ್ ವ್ಹೀಲ್ ಬಿಡಿಸೋಣ ಅಂದರೆ ಅದರ ಲಿವರ್ ಎಷ್ಟು ಎಳೆದರೂ ಬರಲಿಲ್ಲ. ಕಾಲು ಕೊಟ್ಟು ಒದ್ದೆ. ಕೊನೆಗೆ ಚಾಚಾನನ್ನು ಕರೆಸಿದೆ. ಅವರು ಬಂದು ರಿವರ್ಸ್ ಹಾಕಿ ಹತ್ತು ಅಡಿ ಹಿಂದೆ ಹೋದರು. ಲಿವರ್ ಬೆಣ್ಣೆಯಂತೆ ಬಂತು. ಆಮೇಲೆ ಕೆಳಗಿಳಿದು ಮುಂದಿನ ಎರಡೂ ಚಕ್ರದ ನಡುವಿನ ಹಬ್ ಎಂಬ ಬಿಲ್ಲೆ ತಿರುಗಿಸಿ ಫ್ರೀ ಮಾಡಿದರು. ಹಬ್ಬನ್ನು ಕೈಯಿಂದ ಲಾಕ್ ಮಾಡದಿದ್ದರೆ ಎಂಜಿನ್ ಬಲ ಮುಂದಿನ ಚಕ್ರಕ್ಕೆ ಹೋಗುವುದೇ ಇಲ್ಲ. "ಇನ್ನ ರೋಡ್ ಮ್ಯಾಲ ಇದನ್ನ ಮುಟ್ಟಬ್ಯಾಡ್ರಿ" ಅಂದರು. ಜೀವನದಲ್ಲಿ ನಾನು ಪೂರ್ತಿ ಪಾಲಿಸಿದ ಮಾತು ಅದೊಂದೇ.

ಕಾರ ಹುಣ್ಣಿಮೆಗೆ ಅಣ್ಣಿಗೇರಿ ಕಡೆ ಕಾಕಾನ ಊರಿಗೆ ಹೋದೆವು. ಹಿಂದಿನ ರಾತ್ರಿ ಮಳೆ ಹೊಡೆದಿತ್ತು. ಹೊಲದ ಮನೆಗೆ ಚಕ್ಕಡಿ ದಾರಿ. ಊರಿನವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ನಾನು ಅವರನ್ನು ದಾಟಿ, ಹಾರ್ನ್ ಹೊಡೆದು, ಮುಂದೆ ಹೋಗಿ ಹೂತುಕೊಂಡೆ. ಎರಿ, ಅಂದರೆ ಕಪ್ಪು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದರೆ ಅಂಟುತ್ತದೆ. ನನ್ನ ಟೈರಿನ ಹಲ್ಲುಗಳ ಸಂದಿಯೆಲ್ಲ ರಾಡಿ ತುಂಬಿ ಬೋಳು ಟೈರಾಯಿತು.

ಗಾಬರಿ ಏನೂ ಆಗಲಿಲ್ಲ. ಹೆಂಡತಿಯ ಕಡೆ ನೋಡಿ ಸಣ್ಣಗೆ ನಕ್ಕು, ಫೋರ್ ವ್ಹೀಲ್ ಲಿವರ್ ಎಳೆದೆ. ಎಂಜಿನ್ ಗುಡುಗಿತು. ಹಿಂದಿನ ಚಕ್ರ ರಾಡಿ ಹಾರಿಸಿದವು. ಮುಂದಿನವು ಸುಮ್ನೆ ನಿಂತಿದ್ದವು. ಆಗ ಹಬ್ ನೆನಪಾಯಿತು. ಇಳಿದು ನೋಡಿದರೆ ಜೀಪು ಆಕ್ಸಲ್ ಮಟ್ಟ ಹೂತಿತ್ತು, ಎರಡೂ ಹಬ್ ರಾಡಿಯೊಳಗೆ.

ಕಾಕಾ ಬಂದರು. "ಇದು ಮಹಾಯುದ್ಧಕ್ಕ ಹೋಗಿದ್ದ ಜೀಪಿನ ವಂಶ ಅಂತಿದ್ದಿ ಅಲ್ಲೋ ತಮ್ಮಾ?"

"ಹೌದ್ರಿ ಕಾಕಾ."

"ಯುದ್ಧ ಎರಿ ಹೊಲದಾಗ ಆಗಿರಲಿಕ್ಕಿಲ್ಲ ಬಿಡು."

ಟ್ರ್ಯಾಕ್ಟರಿನವನು ದೂರದಿಂದಲೇ ನೋಡಿ, ತನ್ನದೂ ಹೂತೀತು ಎಂದು ವಾಪಸ್ ಹೋದ. ಎತ್ತು ಕಟ್ಟೋಣ ಎಂದರೆ ಕಾಕಾ ನನ್ನನ್ನು ಪಾಪಿಯಂತೆ ನೋಡಿದರು. "ಇವತ್ತ ಅವುಗಳ ಹಬ್ಬ. ನೊಗಾ ಇಡಂಗಿಲ್ಲ. ನಿನ್ನ ಜೀಪಿಗೂ ಸೂಟಿ ಕೊಡು." ಎತ್ತುಗಳು ಕೊಂಬಿಗೆ ಬಣ್ಣ ಬಳಿದುಕೊಂಡು, ಜೂಲ ಹೊದ್ದು ಮೆಲುಕು ಹಾಕುತ್ತಿದ್ದವು. ಸಂಜೆ ಎತ್ತು ಓಡಿಸಿ ಕರಿ ಹರಿಯಲು ಹೊರಟ ಊರೆಲ್ಲ ನನ್ನ ಜೀಪನ್ನು ನೋಡಿಕೊಂಡೇ ಹೋಯಿತು. ಚಿಗವ್ವ ಎತ್ತುಗಳ ಪೂಜೆ ಮುಗಿಸಿ, ಉಳಿದ ಕುಂಕುಮವನ್ನು ಬಾನೆಟ್ಟಿಗೂ ಹಚ್ಚಿದಳು. ಹುಡುಗರು ಕೊಂಬಿಗೆ ಬಳಿದು ಉಳಿದ ಕೆಂಪು, ಹಸಿರು ಬಣ್ಣ ತಂದು ಬಂಪರಿನ ಎರಡೂ ತುದಿಗೆ ಬಳಿದರು. ಹೋಳಿಗೆ ಮಾತ್ರ ಚೆನ್ನಾಗಿತ್ತು.

ಮರುದಿನ ಬಿಸಿಲು ಬಿತ್ತು. ಕುರಪಿಯಿಂದ ಕೆರೆದು ಹಬ್ ಹುಡುಕಿ ಲಾಕ್ ಮಾಡಿದೆ. ಎತ್ತುಗಳು ನಾಲ್ಕು ಹೆಜ್ಜೆ ಇಟ್ಟವು, ಜೀಪು ಮೇಲೆ ಬಂತು. ಹಬ್ಬಿನಿಂದ ಬಂತು ಎಂದು ನಾನು ಹೇಳುತ್ತೇನೆ. ಊರಿನಲ್ಲಿ ಯಾರೂ ಒಪ್ಪುವುದಿಲ್ಲ.

ಸೋಮವಾರ ಗ್ಯಾರೇಜಿಗೆ ಒಯ್ದೆ. ಚಾಚಾ ರಾಡಿ ನೋಡಿದರು, ಏನೂ ಕೇಳಲಿಲ್ಲ. ಬಂಪರಿನ ಎದುರು ಮಾತ್ರ ಸ್ವಲ್ಪ ಹೊತ್ತು ನಿಂತರು.

"ಇದನ್ನ ಎಲ್ಲಿ ಮಾಡಿಸಿದ್ರಿ ಸರ್? ಇದೊಂದು ಚಲೋ ಆಗೇತಿ ನೋಡ್ರಿ."