ಹಿತ್ತಲ ತಂಡ ಮದ್ದಲ್ಲ

ಕ್ರೀಡಾಭಿಮಾನಿ ಮಹಾಶಯರ ಜ್ಞಾನಕ್ಕೆ ಒಂದು ವಿಶೇಷ ಗುಣವಿದೆ. ಮೈದಾನ ದೂರವಾದಷ್ಟೂ ಅದು ಆಳವಾಗುತ್ತದೆ. ಲಂಡನ್ನಿನ ಲಾರ್ಡ್ಸ್ ಮೈದಾನ ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು ಎರಡೂವರೆ ಮೀಟರ್ ಇಳಿಜಾರಿದೆ, ಪೆವಿಲಿಯನ್ ಎಂಡ್‌ನಿಂದ ಹಾಕಿದ ಚೆಂಡು ಬಲಗೈ ಬ್ಯಾಟರ್‌ಗೆ ಒಳಕ್ಕೆ ನುಗ್ಗುತ್ತದೆ ಎಂಬುದನ್ನು ಅವರು ನಿದ್ದೆಗಣ್ಣಲ್ಲೂ ಹೇಳಬಲ್ಲರು. ತಮ್ಮ ಬಡಾವಣೆಯ ನಕ್ಷೆಯಲ್ಲಿ ‘ಆಟದ ಮೈದಾನ’ ಎಂದು ಗುರುತಿಸಿದ್ದ ಜಾಗ ಎಲ್ಲಿದೆ ಎಂದು ಕೇಳಿ ನೋಡಿ. “ಇತ್ತು ಸಾರ್, ಆ ಕಡೆ ಎಲ್ಲೋ” ಎನ್ನುತ್ತಾರೆ. ಆ ಕಡೆ ಎಲ್ಲೋ ಇದ್ದದ್ದರ ಮೇಲೆ ಈಗ ಅವರದೇ ಫ್ಲಾಟ್ ನಿಂತಿರುವ ಸಾಧ್ಯತೆಯೂ ಉಂಟು.

ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಮಹಾಶಯರು ಕಾಣದ ಮೂಲೆಯಿಲ್ಲ. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ಎದುರು ಭಾರತ 46 ರನ್ನಿಗೆ ಆಲೌಟಾಯಿತಲ್ಲ, ಮೋಡ ಕವಿದಿದ್ದಾಗ ಟಾಸ್ ಗೆದ್ದು ಬ್ಯಾಟಿಂಗ್ ತೆಗೆದುಕೊಂಡದ್ದು ತಪ್ಪು ಎಂದು ಅವರು ಮೊದಲೇ ಹೇಳಿದ್ದರು. ಮೊದಲೇ ಎಂದರೆ ಒಂಬತ್ತನೇ ವಿಕೆಟ್ ಬೀಳುವುದಕ್ಕೆ ಮೊದಲೇ. ಆ ಸರಣಿ 0–3ರಲ್ಲಿ ಹೋದ ಮೇಲೆ ಕೋಚ್, ಕ್ಯಾಪ್ಟನ್, ಆಯ್ಕೆ ಸಮಿತಿ ಮೂವರನ್ನೂ ಸೋಫಾದ ಮೇಲಿಂದಲೇ ಕಿತ್ತುಹಾಕಿದರು. ತಮ್ಮ ದೇಶದ್ದಷ್ಟೇ ಅಲ್ಲ, ಇಂಗ್ಲೆಂಡಿಗೆ ಸ್ಪಿನ್ನರ್ ಬೇಕು, ಆಸ್ಟ್ರೇಲಿಯಾಕ್ಕೆ ಓಪನರ್ ಬೇಕು, ಪಾಕಿಸ್ತಾನಕ್ಕೆ ಬುದ್ಧಿ ಬೇಕು ಎಂದು ಎಲ್ಲ ಮಂಡಳಿಗಳಿಗೂ ಪುಕ್ಕಟೆ ಸಲಹೆ ಕೊಡುತ್ತಾರೆ. ಯಾವ ಮಂಡಳಿಯೂ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ.

ಇಂಥವರ ಅಕ್ಕನ ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಕಾಲೇಜು ತಂಡದಲ್ಲಿ ಆಫ್ ಸ್ಪಿನ್ನರ್. ಒಂದು ಸಂಜೆ ಮಾವನ ಮನೆಗೆ ಬಂದ.

“ಮಾವ, ನಾಡಿದ್ದು ನಮ್ ಯೂನಿವರ್ಸಿಟಿ ಮ್ಯಾಚು. ಬರ್ತೀರಾ?”

“ಯಾವ ಚಾನೆಲ್ಲೋ?”

“ಚಾನೆಲ್ಲಿಲ್ಲ ಮಾವ. ಗ್ರೌಂಡಿಗೇ ಬರ್ಬೇಕು.”

“ಗ್ರೌಂಡಿಗಾ!” ಮಹಾಶಯರು ಟೀವಿಯ ದನಿ ತಗ್ಗಿಸಿದರು. ವಿಷಯ ಗಂಭೀರವಾಗಿತ್ತು. “ನೋಡು ಮರಿ, ಮೊದ್ಲು ಸೆಮಿಸ್ಟರ್ ಪಾಸ್ ಮಾಡು. ಕ್ರಿಕೆಟ್ ಕಟ್ಕೊಂಡು ಯಾರ್ ಉದ್ಧಾರ ಆಗಿದಾರೆ ಹೇಳು.”

ಹೀಗೆ ಹೇಳಿ ಮತ್ತೆ ದನಿ ಏರಿಸಿದರು. ಟೀವಿಯಲ್ಲಿ ಐಪಿಎಲ್ ಹರಾಜು ನಡೆಯುತ್ತಿತ್ತು. ಯಾರ ಉದ್ಧಾರ ಎಷ್ಟು ಕೋಟಿಗೆ ಆಯಿತು ಎಂಬುದು ಅವರಿಗೆ ಬಾಯಿಪಾಠ.

ಹುಡುಗ ಪಾಪ, ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಪಟ್ಟಿ ಉದ್ದವಿತ್ತು. ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜಿನಿಂದ ಬಂದವರು. ಅವರಿಗೂ ಹಿಂದಿನ ಎರಪಳ್ಳಿ ಪ್ರಸನ್ನ ಮಾಡಿದ್ದಂತೂ ಈಗ ಯಾರೂ ನಂಬುವ ಕೆಲಸವಲ್ಲ. 1962ರ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಮೈಸೂರಿನ ಎನ್‌ಐಇಯಲ್ಲಿ ಇಂಜಿನಿಯರಿಂಗ್ ಮುಗಿಸಲು ಕೂತರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಟೆಸ್ಟ್ ಕ್ಯಾಪನ್ನು ಮೊಳೆಗೆ ನೇತುಹಾಕಿ ಪರೀಕ್ಷೆ ಬರೆದ ಮನುಷ್ಯ ಆಮೇಲೆ ಜಗತ್ತಿನ ಅತ್ಯುತ್ತಮ ಆಫ್ ಸ್ಪಿನ್ನರ್‌ಗಳ ಸಾಲಿಗೆ ಸೇರಿದರು. ಇವತ್ತು ಯಾರಾದರೂ ಹಾಗೆ ಮಾಡಲಿ, ಮಹಾಶಯರು ಅರ್ಧ ಗಂಟೆಯಲ್ಲಿ ‘ದೇಶಕ್ಕಿಂತ ಡಿಗ್ರಿ ಹೆಚ್ಚಾಯ್ತಾ?’ ಎಂದು ಹ್ಯಾಷ್‌ಟ್ಯಾಗ್ ಹೊರಡಿಸುತ್ತಾರೆ. ಪರೀಕ್ಷೆ ಬಿಟ್ಟು ಆಡಿದರೆ ‘ಕ್ರಿಕೆಟ್ ಕಟ್ಕೊಂಡು ಯಾರ್ ಉದ್ಧಾರ’ ಇದ್ದೇ ಇದೆ. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್ಟಿಗೆ ರೋಹಿಂಟನ್ ಬಾರಿಯಾ ಟ್ರೋಫಿ ಎಂಬುದೊಂದಿದೆ, ಸ್ವಾತಂತ್ರ್ಯಕ್ಕೂ ಮೊದಲಿನಿಂದ ನಡೆದುಕೊಂಡು ಬಂದದ್ದು. ಅದರ ಬಗ್ಗೆ ಮಹಾಶಯರಿಗೆ ಯಾವ ಅಭಿಪ್ರಾಯವೂ ಇಲ್ಲ. ಅವರಿಗೆ ಅಭಿಪ್ರಾಯವೇ ಇಲ್ಲದ ವಿಷಯ ಭೂಮಿಯ ಮೇಲೆ ಒಂದಿದೆ ಎನ್ನುವುದೇ ಒಂದು ಸಮಾಧಾನ.

ಓಣಿಯ ಕ್ರಿಕೆಟ್ಟಿನ ಜೊತೆ ಅವರಿಗೆ ಸಂಬಂಧವೇ ಇಲ್ಲ ಎಂದರೆ ತಪ್ಪಾದೀತು. ವರ್ಷಕ್ಕೊಮ್ಮೆ ನಡೆಯುವ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಮೆಂಟಿನ ಫ್ಲೆಕ್ಸಿನಲ್ಲಿ ಅವರ ಭಾವಚಿತ್ರ ಇರುತ್ತದೆ, ‘ಕ್ರೀಡಾ ಪೋಷಕರು’ ಎಂಬ ಅಡಿಬರಹದೊಂದಿಗೆ. ಆ ಫ್ಲೆಕ್ಸನ್ನು ಒಮ್ಮೆ ನಿಂತು ಓದಬೇಕು. ಮೇಲೆ ರಾಜ್ಯ ನಾಯಕರು, ಅವರ ಕೆಳಗೆ ಶಾಸಕರು, ಅವರ ಕೆಳಗೆ ಮಾಜಿ ಶಾಸಕರು, ಬದಿಯಲ್ಲಿ ಮುಂದೆ ಶಾಸಕರಾಗಲಿರುವವರು, ತಳದಲ್ಲಿ ಶುಭಕೋರುವ ಮೂರು ಸಾಲು ಯುವ ಮುಖಂಡರು. ಆಡುವ ಒಬ್ಬನ ಮುಖವೂ ಇರುವುದಿಲ್ಲ, ಜಾಗ ಸಾಲದೆ. ಉದ್ಘಾಟನೆಯ ದಿನ ಶಾಸಕರು ಬಿಳಿ ಪಂಚೆಯಲ್ಲಿ ಕ್ರೀಸಿಗೆ ಬರುತ್ತಾರೆ, ಒಬ್ಬ ಹುಡುಗ ಅಂಡರ್‌ಆರ್ಮ್ ಚೆಂಡು ಉರುಳಿಸುತ್ತಾನೆ, ತಾಕಿದರೆ ಸಿಕ್ಸರ್, ತಾಕದಿದ್ದರೆ ನೋಬಾಲ್. ಸನ್ಮಾನ, ಶಾಲು, ಹಾರ ಮುಗಿದು ಪಂದ್ಯ ಶುರುವಾಗುವ ಹೊತ್ತಿಗೆ ಪೋಷಕರೆಲ್ಲ ಮನೆ ಸೇರಿರುತ್ತಾರೆ. ಅವತ್ತು ಇಂಡಿಯಾ ಮ್ಯಾಚ್ ಇರುತ್ತದಲ್ಲ.

ಓಣಿ ಬಿಡಿ, ರಾಜ್ಯ ತಂಡಕ್ಕೆ ಬರೋಣ. 2025ರ ಜನವರಿ 30ರಂದು ದೆಹಲಿಯಲ್ಲಿ ವಿರಾಟ್ ಕೊಹ್ಲಿ ಹನ್ನೆರಡು ವರ್ಷಗಳ ಬಳಿಕ ರಣಜಿ ಪಂದ್ಯಕ್ಕೆ ಇಳಿದರು. ರೈಲ್ವೇಸ್ ವಿರುದ್ಧ. ಪ್ರವೇಶ ಉಚಿತ, ಗೇಟಿನ ಮುಂದೆ ನೂಕುನುಗ್ಗಲು. ಕೊಹ್ಲಿ ಬ್ಯಾಟ್ ಹಿಡಿದದ್ದು ಎರಡನೇ ದಿನ. ಹಿಮಾಂಶು ಸಾಂಗ್ವಾನ್ ಎಸೆತಕ್ಕೆ ಆರೇ ರನ್ನಿಗೆ ಅವರ ಆಫ್ ಸ್ಟಂಪ್ ಉರುಳಿತು. ಸ್ಟಂಪಿನ ಬೆನ್ನಿಗೇ ಜನವೂ ಉರುಳಿಕೊಂಡು ಹೊರಟರು, ಸ್ಟ್ಯಾಂಡು ಖಾಲಿ. ದೆಹಲಿ ಆ ಪಂದ್ಯವನ್ನು ಇನಿಂಗ್ಸ್ ಅಂತರದಿಂದ ಗೆದ್ದದ್ದು ಅವರಿಗೆ ಬಹುಶಃ ಈಗಲೂ ಗೊತ್ತಿಲ್ಲ. ಬೆಂಗಳೂರಿನ ನಮ್ಮ ಮಹಾಶಯರು ರಜೆ ಹಾಕಿ, ಮೊಬೈಲಿನಲ್ಲಿ ಇದನ್ನು ನೇರಪ್ರಸಾರ ನೋಡಿದರು. “ದೇಶೀ ಕ್ರಿಕೆಟ್ ಉಳೀಬೇಕು ಸಾರ್” ಎಂದು ಕಣ್ಣೊರೆಸಿಕೊಂಡರು ಕೂಡ.

ಅದೇ ಜನವರಿ 30ರಂದು ಅವರ ಮನೆಯಿಂದ ಮೆಟ್ರೋ ಹಿಡಿದರೆ ಸಿಗುವ ಚಿನ್ನಸ್ವಾಮಿಯಲ್ಲಿ ಕರ್ನಾಟಕ, ಹರಿಯಾಣದ ವಿರುದ್ಧ ಆಡುತ್ತಿತ್ತು. ಕೆ.ಎಲ್. ರಾಹುಲ್ ಸುಮಾರು ಐದು ವರ್ಷಗಳ ಬಳಿಕ ರಾಜ್ಯ ತಂಡಕ್ಕೆ ಮರಳಿದ ಪಂದ್ಯ. ದೇಶೀ ಕ್ರಿಕೆಟ್ಟಿನ ಉಳಿವಿಗಾಗಿ ಅಷ್ಟು ಚಿಂತಿಸುವವರು ಹೋಗಿ ನೋಡಬಾರದಿತ್ತೇ ಎಂದರೆ, “ಟ್ರಾಫಿಕ್ ಸಾರ್” ಎಂದರು. ದೆಹಲಿಗೆ ಟ್ರಾಫಿಕ್ ಇರಲಿಲ್ಲ ನೋಡಿ.

ಹಿಂದೆ ಹೀಗಿರಲಿಲ್ಲ ಎಂದು ಹೇಳಲು ನಾನೇನು ಮುದುಕನಲ್ಲ. ಆದರೆ 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ರಣಜಿ ಫೈನಲ್ ಬಹಳ ಹಳೆಯದೂ ಅಲ್ಲ. ವಿಶ್ವವಿದ್ಯಾಲಯದ ಗಂಗೋತ್ರಿ ಗ್ಲೇಡ್ಸ್ ಮೈದಾನ, ಎದುರಿಗೆ ಮುಂಬೈ, ಗೆಲ್ಲಲು 338. ಮನೀಶ್ ಪಾಂಡೆ 144 ಹೊಡೆದರು, ಕರ್ನಾಟಕ 331ಕ್ಕೆ ನಿಂತು ಆರು ರನ್ನಿನಿಂದ ಸೋತಿತು. ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ, ಹಾಸ್ಟೆಲ್ ಹುಡುಗರು, ಕ್ಲಾಸಿಗೆ ಚಕ್ಕರ್ ಹಾಕಿದವರು, ಚಕ್ಕರ್ ಹಾಕಿದವರನ್ನು ಹುಡುಕಿಕೊಂಡು ಬಂದು ಅಲ್ಲೇ ನಿಂತ ಮೇಷ್ಟ್ರುಗಳು. ಮಹಾಶಯರು ತಾವೂ ಅವತ್ತು ಅಲ್ಲಿದ್ದೆವು ಎನ್ನುತ್ತಾರೆ. ಹಾಗೆ ಹೇಳುವವರನ್ನೆಲ್ಲ ಒಟ್ಟು ಸೇರಿಸಿದರೆ ಜಂಬೂಸವಾರಿಯ ಜನ ನಾಚಿ ಮನೆಗೆ ಹೋಗಬೇಕು.

ಮಹಾಶಯರ ನ್ಯಾಯಪ್ರಜ್ಞೆಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕರುಣ್ ನಾಯರ್ 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದರು, ಮುಂದಿನ ಟೆಸ್ಟಿನಲ್ಲೇ ತಂಡದ ಹೊರಗೆ ಕೂತರು. ಆಮೇಲೆ ಕರ್ನಾಟಕ ತಂಡದಲ್ಲೂ ಜಾಗ ಸಿಗದೆ ವಿದರ್ಭಕ್ಕೆ ಹೋದರು. ಹೋದಾಗ ಮಹಾಶಯರು ಗಮನಿಸಲಿಲ್ಲ. ರಾಜ್ಯ ತಂಡಗಳ ಏಕದಿನ ಟೂರ್ನಿಯಾದ ವಿಜಯ್ ಹಜಾರೆ ಟ್ರೋಫಿಯಲ್ಲಿ, 2024–25ರಲ್ಲಿ, ವಿದರ್ಭದ ನಾಯಕರಾಗಿ 779 ರನ್ ಪೇರಿಸಿ, ಸರಾಸರಿ 389.5 ಎಂದು ಟೀವಿಯಲ್ಲಿ ಬಂದಾಗ ತಟಕ್ಕನೆ ಎದ್ದು ಕೂತು, “ನಮ್ಮ ಹುಡುಗನಿಗೆ ಅನ್ಯಾಯ” ಎಂದು ಗುಡುಗಿದರು. ಆ ಟೂರ್ನಿಯ ಫೈನಲ್ ವಡೋದರದಲ್ಲಿ ನಡೆಯಿತು. ‘ನಮ್ಮ ಹುಡುಗ’ನ ವಿದರ್ಭ 36 ರನ್ನಿನಿಂದ ಸೋತಿತು ಎಂದು ಮಹಾಶಯರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗೆದ್ದದ್ದು ಯಾರು ಎಂದು ಕೇಳಿದೆ. ಯೋಚಿಸಿದರು. ಮುಂಬೈ ಇರಬೇಕು ಎಂದರು.

ಗೆದ್ದದ್ದು ಕರ್ನಾಟಕ. ಅದು ನಮ್ಮ ಐದನೇ ವಿಜಯ್ ಹಜಾರೆ ಟ್ರೋಫಿ. ಆರ್. ಸ್ಮರಣ್ ಎಂಬ ಹುಡುಗ ಅವತ್ತು 101 ಹೊಡೆದಿದ್ದ. ನಾಯಕ ಮಯಂಕ್ ಅಗರ್ವಾಲ್.

ಅದೇ 2025ರಲ್ಲಿ ಕರುಣ್‌ಗೆ ಭಾರತ ತಂಡದ ಬಾಗಿಲು ತೆರೆಯಿತು. ಇಂಗ್ಲೆಂಡಿನಲ್ಲಿ ಎಂಟು ಇನಿಂಗ್ಸ್‌ನಿಂದ 205 ರನ್ ಬಂದವು. “ವಯಸ್ಸಾಯ್ತು ಸಾರ್, ಯಾಕ್ ಸೆಲೆಕ್ಟ್ ಮಾಡ್ತಾರೋ” ಎಂದ ದನಿ ಪರಿಚಿತವಾಗಿತ್ತು.

ಈಗ ಬರೆಯುವುದನ್ನು ಬರೆದರೆ ನನ್ನ ಮನೆಯ ಕಿಟಕಿ ಗಾಜು ಉಳಿಯುವ ಭರವಸೆ ಇಲ್ಲ. ಮಯಂಕ್ ಹೆಸರು ಹೇಳಿದೆನಲ್ಲ, ಜನವರಿಯಲ್ಲಿ ರಾಜ್ಯಕ್ಕೆ ಕಪ್ ತಂದ ಆ ನಾಯಕರ ಮೆರವಣಿಗೆಗೆ ಯಾವ ರಸ್ತೆಯೂ ಬಂದ್ ಆಗಲಿಲ್ಲ. ಅದೇ ವರ್ಷ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ 18ನೇ ಪ್ರಯತ್ನದಲ್ಲಿ ಐಪಿಎಲ್ ಗೆದ್ದಿತು. ನಾಯಕ ರಜತ್ ಪಾಟೀದಾರ್ ಮಧ್ಯಪ್ರದೇಶದವರು, ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ ಬರೋಡಾದವರು, ಕೊಹ್ಲಿ ದೆಹಲಿಯವರು, ಹೇಜಲ್‌ವುಡ್ ಆಸ್ಟ್ರೇಲಿಯಾದವರು. ಅಂದು ಆಡಿದವರಲ್ಲಿ ಕರ್ನಾಟಕದವರು ಒಬ್ಬರೇ, ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ಸೀಸನ್ನಿನ ನಡುವೆ ತಂಡಕ್ಕೆ ಬಂದ ಇದೇ ಮಯಂಕ್. ರಾಜ್ಯ ತಂಡದ ಹನ್ನೊಂದೂ ಜನ ಕರ್ನಾಟಕಕ್ಕಾಗಿ ಗೆದ್ದಾಗ ಮುಂಬೈ ಇರಬೇಕು ಎಂದ ಮಹಾಶಯರು, ಅವತ್ತು ರಾತ್ರಿ ಹಳದಿ ಕೆಂಪು ಬಾವುಟ ಸುತ್ತಿಕೊಂಡು ಬೀದಿಗಿಳಿದು ನಾಡಪ್ರೇಮ ಮೆರೆದರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದರ ಮುಂದೆ ಹಾಸ್ಯ ಬರೆಯುವವನು ಬಾಯಿ ಮುಚ್ಚಿಕೊಂಡಿರಬೇಕು, ಮುಚ್ಚಿಕೊಂಡಿದ್ದೇನೆ. ಮಹಾಶಯರು ಮುಚ್ಚಿಕೊಳ್ಳಲಿಲ್ಲ. ತಪ್ಪು ಯಾರದೆಂದು ಅದೇ ಸಂಜೆ ತೀರ್ಪು ಕೊಟ್ಟು ಮಲಗಿದರು.

ನಿಜ ಹೇಳಬೇಕೆಂದರೆ ಆರ್‌ಸಿಬಿಯ ಮೊದಲ ಕಪ್ ಬಂದದ್ದು ಅದಕ್ಕೂ ಹಿಂದಿನ ವರ್ಷ. ಗಂಡಸರು 16 ಸೀಸನ್ ಕಾದು ತರದ್ದನ್ನು ಹೆಣ್ಣುಮಕ್ಕಳು ಮಹಿಳಾ ಪ್ರೀಮಿಯರ್ ಲೀಗಿನ ಎರಡನೇ ಸೀಸನ್ನಿನಲ್ಲೇ ತಂದರು. ಆ ಫೈನಲ್ಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತಿದ್ದರು. “ಹೌದ್ಹೌದು, ಅದೂ ಒಂದಿದೆ” ಎನ್ನುತ್ತಾರೆ ಮಹಾಶಯರು.

ಇದನ್ನೆಲ್ಲ ನೋಡಿ ನಾನೊಂದು ಯೋಜನೆ ತಯಾರಿಸಿದ್ದೆ. ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗದಲ್ಲಿ ರಣಜಿ ಪಂದ್ಯ ಆಡಿಸುವುದನ್ನು ನಿಲ್ಲಿಸಿ, ಎಲ್ಲವನ್ನೂ ಇಂಗ್ಲೆಂಡಿಗೆ ಸಾಗಿಸಬೇಕು. ಮಧ್ಯಾಹ್ನ ಮೂರೂವರೆಗೆ ಶುರುವಾದರೆ ಮಹಾಶಯರು ಆಫೀಸಿನಿಂದಲೇ ನೋಡುತ್ತಾರೆ, ಸ್ಮರಣ್ ಕವರ್ ಡ್ರೈವ್ ಮಾಡುವಾಗ ಮೊಣಕೈ ಎಷ್ಟು ಡಿಗ್ರಿ ಬಾಗುತ್ತದೆ ಎಂದು ವಾರದೊಳಗೆ ಹೇಳುತ್ತಾರೆ. ಕಾಲೇಜು ಪಂದ್ಯಗಳನ್ನು ಮೆಲ್ಬರ್ನಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೆಳಗಿನ ಐದು ಗಂಟೆಗೆ ಅಲಾರಂ ಇಟ್ಟು ಎದ್ದು, ಅಕ್ಕನ ಮಗನ ಆಫ್ ಸ್ಪಿನ್ ಬಗ್ಗೆ ಮೊಟ್ಟಮೊದಲ ಬಾರಿಗೆ ಒಂದು ಅಭಿಪ್ರಾಯ ಹೊಂದುತ್ತಾರೆ. ಟೂರ್ನಮೆಂಟಿನ ಫ್ಲೆಕ್ಸನ್ನು ವಿಮಾನದಲ್ಲಿ ಒಯ್ಯುವ ಖರ್ಚು ಮಾತ್ರ ಯುವ ಮುಖಂಡರು ನೋಡಿಕೊಳ್ಳಬೇಕು.

ಯೋಜನೆಯನ್ನು ಕಳಿಸುವ ಮೊದಲು ಇಂಥದ್ದನ್ನು ಯಾರಾದರೂ ಮಾಡಿದ್ದಾರೆಯೇ ಎಂದು ಹುಡುಕಿದೆ. ಮಾಡಿದ್ದಾರೆ! ರಾಜ್ಯ ತಂಡಗಳ ಫುಟ್ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯ 2023ರ ಫೈನಲ್ಲನ್ನು ಸೌದಿ ಅರೇಬಿಯಾದ ರಿಯಾದಿನಲ್ಲಿ, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಆಡಿಸಲಾಯಿತು. ಅಂದು ಮಾರ್ಚ್ 4. ಮೇಘಾಲಯವನ್ನು 3–2ರಿಂದ ಸೋಲಿಸಿ ಗೆದ್ದದ್ದು ಕರ್ನಾಟಕ. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು, ನಡುವೆ 54 ವರ್ಷ ಕಳೆದಿತ್ತು. ವಿದೇಶ, ವಿದೇಶದ ಮೈದಾನ, ಕಪ್ ಕೂಡ ನಮ್ಮದು. ಮಹಾಶಯರಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಮಾಡಿಕೊಡಲು ಯಾರಿಂದಲೂ ಆಗದು. ಓಡಿಹೋಗಿ ವಿಷಯ ಹೇಳಿದೆ.

“ರಿಯಾದಾ?” ಮಹಾಶಯರ ಕಣ್ಣರಳಿತು. “ರೊನಾಲ್ಡೊ ಅಲ್ ನಾಸ್ರ್ ಪರವಾಗಿ ಆಡೋಕೆ ಶುರು ಮಾಡಿದ್ದು ಅದೇ ವರ್ಷ ಸಾರ್, ಜನವರಿನಲ್ಲಿ. ಏಳನೇ ನಂಬರ್ ಜರ್ಸಿ. ಇದ್ಯಾರು ಸಂತೋಷ್? ಯಾವ ಟೀಮು?”